ಒಂದು ಸಾಲು ಅಂದರೆ ಏನು? ಅಲ್ಲಿಂದ ಹಿಡಿಯಿರಿ

ಪ್ರಶ್ನೆ: ಸಿಂಧನೂರು ಕಡೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ ನಾನು. ಬರುವ ಸೆಮಿಸ್ಟರಿನಿಂದ ಡೇಟಾ ಸೈನ್ಸ್ ಶುರುಮಾಡಿ, ಸಂಶೋಧನೆಯೂ ಆಗಲಿ ಅಂತ ಪ್ರಾಂಶುಪಾಲರು ಹೇಳಿದ್ದಾರೆ. ಕಂಪ್ಯೂಟರ್ ವಿಭಾಗದಲ್ಲಿ ಇರುವವರು ಒಬ್ಬರೇ, ಅವರೂ ಅತಿಥಿ ಉಪನ್ಯಾಸಕರು. ಗಣಿತ, ಭೂಗೋಳ, ರಸಾಯನಶಾಸ್ತ್ರ, ಕನ್ನಡದ ಸಹೋದ್ಯೋಗಿಗಳು ಕೈಜೋಡಿಸಲು ತಯಾರಿದ್ದಾರೆ. ಲ್ಯಾಬಿನಲ್ಲಿ 24 ಕಂಪ್ಯೂಟರ್ ಇವೆ, ನಡೆಯುವುದು 15. ಎಲ್ಲಿಂದ ಹಿಡಿಯಬೇಕು? ರಾಯಚೂರಿನ ದೊಡ್ಡ ಸಂಸ್ಥೆಗಳ ಜೊತೆ ಒಪ್ಪಂದ ಮೊದಲು ಆಗಬೇಕೇ?

ಉತ್ತರ: ಮೇಡಂ, ಮಾಡಬಾರದ ಎರಡು ಕೆಲಸ ಮೊದಲು. ಹೊಸ ಕೋರ್ಸಿನ ಪ್ರಸ್ತಾವ ಬರೆಯಲು ಕೂರಬೇಡಿ. ಇಡೀ ಭಾರವನ್ನು ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಬೇಡಿ. ಹೊಸ ಕೋರ್ಸು ಅಂದರೆ ಅಧ್ಯಯನ ಮಂಡಳಿ, ಕಾರ್ಯಭಾರದ ಲೆಕ್ಕ, ಅನುಮೋದನೆ ಅಂತ ವರ್ಷ ಹೋಗುತ್ತದೆ. ಅಷ್ಟರಲ್ಲಿ ಪದವಿಯ ಚೌಕಟ್ಟೇ ಬದಲಾಗಬಹುದು. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಇನ್ನು ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಬೇರೆ ಕಾಲೇಜು ಆರಿಸಿಕೊಂಡರೆ ನಿಮ್ಮ ಡೇಟಾ ಸೈನ್ಸ್ ಅವರ ಪೆನ್‌ಡ್ರೈವಿನ ಜೊತೆಗೇ ಹೋಗುತ್ತದೆ.

ಈಗಿರುವ ಪಾಠಗಳ ಒಳಗೇ ಜಾಗ ಮಾಡಿಕೊಳ್ಳಿ. ಆರು ವಾರ, ವಾರಕ್ಕೆ ಎರಡು ಗಂಟೆ, ಒಟ್ಟು 12 ಗಂಟೆ. ನೀವು ಐದು ಜನ, ಕೋಷ್ಟಕ ಒಂದೇ. ಐವರೂ ತಂತಮ್ಮ ತರಗತಿಯಲ್ಲಿ ಅದೇ ಕೋಷ್ಟಕವನ್ನು ತಂತಮ್ಮ ಪ್ರಶ್ನೆಗೆ ಬಳಸಬೇಕು. ಭೂಗೋಳದವರಿಗೊಂದು, ರಸಾಯನಶಾಸ್ತ್ರದವರಿಗೊಂದು ಅಂತ ಬೇರೆ ಬೇರೆ ಡೇಟಾ ಹಿಡಿದುಕೊಂಡರೆ ಸಹಯೋಗ ಸಭೆಯ ನಡಾವಳಿಯಲ್ಲಿ ಮಾತ್ರ ಉಳಿಯುತ್ತದೆ, ಯಾರ ತಪ್ಪನ್ನೂ ಇನ್ನೊಬ್ಬರು ಹಿಡಿಯಲಾರರು.

ಯಾವ ಕೋಷ್ಟಕ? ನಿಮ್ಮ ಸೀಮೆಗೆ ತುಂಗಭದ್ರಾ ಜಲಾಶಯದ ದಿನದ ಲೆಕ್ಕಕ್ಕಿಂತ ಒಳ್ಳೆಯದು ಸಿಗಲಾರದು. ದಿನಾಂಕ, ನೀರಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು: ಇಷ್ಟೇ ಕಾಲಂ. ಹತ್ತು ವರ್ಷದ್ದು ಸೇರಿಸಿದರೂ 3,652 ಸಾಲು, ಹಳೆಯ ಕಂಪ್ಯೂಟರೂ ಎತ್ತುತ್ತದೆ. ಎಡದಂಡೆ ನಾಲೆಯ 69ನೇ ಮೈಲಿನ ಗೇಜು ಎಷ್ಟಿದೆ ಅಂತ ಮನೆಯಲ್ಲಿ ಮಾತಾಡುವುದನ್ನು ಕೇಳಿ ಬೆಳೆದ ಮಕ್ಕಳಿಗೆ ಈ ಅಂಕಿಗಳ ಅರ್ಥವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಮೊದಲ ಸಭೆಗೆ ಲ್ಯಾಪ್‌ಟಾಪ್ ಬೇಡ. ಯಾವುದಾದರೂ ಆಗಸ್ಟ್ ತಿಂಗಳ 31 ಸಾಲು ಮುದ್ರಿಸಿ ಐವರ ಮುಂದೂ ಇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಈ ಹಾಳೆಯ ಒಂದು ಸಾಲು ಅಂದರೆ ಏನು? "ಒಂದು ದಿನ" ಅಂತ ಎಲ್ಲರೂ ಹೇಳುತ್ತಾರೆ. ಯಾವ ದಿನ? ಹವಾಮಾನ ಇಲಾಖೆಯ ಮಳೆಯ ಅಳತೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದು. 11ನೇ ತಾರೀಖಿನ ಎದುರು ಬರೆದ ಮಳೆಯಲ್ಲಿ ಹೆಚ್ಚಿನದು ಬಿದ್ದದ್ದು 10ರಂದು. ಜಲಾಶಯದ ಹಾಳೆಯಲ್ಲಿ ಮಟ್ಟ ಅಳೆದ ಹೊತ್ತಿನದು, ಹರಿವು ಹಿಂದಿನ 24 ಗಂಟೆಯ ಸರಾಸರಿಯೋ ಆ ಕ್ಷಣದ್ದೋ ಎಂಬುದನ್ನು ಹಾಳೆಯ ತಲೆಬರಹ ಓದಿ ಗೊತ್ತುಮಾಡಿಕೊಳ್ಳಬೇಕು. ಇದನ್ನು ಬಗೆಹರಿಸದೆ ಎರಡು ಕೋಷ್ಟಕಗಳನ್ನು ತಾರೀಖಿನ ಮೇಲೆ ಜೋಡಿಸಿದರೆ ಪ್ರತಿ ಸಾಲೂ ಒಂದು ದಿನ ಜಾರಿರುತ್ತದೆ. ಸಾಫ್ಟ್‌ವೇರು ಯಾವ ದೋಷವನ್ನೂ ತೋರಿಸುವುದಿಲ್ಲ. ಭೂಗೋಳದವರು ಇನ್ನೊಂದು ಮಾತು ಸೇರಿಸುತ್ತಾರೆ, ಸೇರಿಸಲೇಬೇಕು: ಡ್ಯಾಂ ತುಂಬುವುದು ಸಿಂಧನೂರಿನ ಮಳೆಯಿಂದಲ್ಲ, ಮಲೆನಾಡಿನ ಮಳೆಯಿಂದ. ಅಲ್ಲಿ ಬಿದ್ದ ನೀರು ಇಲ್ಲಿಗೆ ಬರಲು ಸಮಯ ಹಿಡಿಯುತ್ತದೆ. ಈ ಒಂದು ಪ್ರಶ್ನೆಗೇ ಸಭೆಯ ಒಂದು ಗಂಟೆ ಹೋಗುತ್ತದೆ, ಹೋಗಲಿ. ನಿರ್ಧಾರವನ್ನು ಎರಡು ಸಾಲಲ್ಲಿ ಬರೆದು ಐವರೂ ಸಹಿ ಹಾಕಿ. ಮುಂದೆ ಜಗಳ ಬಂದಾಗ ತೆಗೆದು ನೋಡುವ ಕಾಗದ ಅದು.

ತರಗತಿಯ ಮೊದಲ ಪಾಠ ಗಣಿತದವರದು. ಬೇಕಾಗಿರುವುದು ಬೋರ್ಡು ಮತ್ತು ಕ್ಯಾಲ್ಕುಲೇಟರು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 11,574. ಅಷ್ಟು ಕ್ಯೂಸೆಕ್ ಒಂದೇ ಸಮ 24 ಗಂಟೆ ಹರಿದರೆ ಒಂದು ಟಿಎಂಸಿ. ಈಗ ಅಭ್ಯಾಸಕ್ಕೆಂದು ಅಂಕಿ ಹಾಕಿಕೊಳ್ಳಿ: ನಿನ್ನೆ ಸಂಗ್ರಹ 80.250 ಟಿಎಂಸಿ, ಇಂದು 81.400. ಹೆಚ್ಚಿದ್ದು 1.150. ಒಳಹರಿವು 25,000 ಕ್ಯೂಸೆಕ್, ಅಂದರೆ 2.160 ಟಿಎಂಸಿ. ಹೊರಹರಿವು 10,500, ಅಂದರೆ 0.907. ಉಳಿಯಬೇಕಾದದ್ದು 1.253. ಹಾಳೆಯ ಪ್ರಕಾರ ಉಳಿದದ್ದು 1.150. ಹಾಗಾದರೆ 0.103 ಟಿಎಂಸಿ ಎಲ್ಲಿ ಹೋಯಿತು?

ಇಲ್ಲಿ ತರಗತಿ ಎಚ್ಚರಗೊಳ್ಳುತ್ತದೆ. ಕಳ್ಳತನ ಅನ್ನುವವರು ಇರುತ್ತಾರೆ, ನಾಲೆಯ ಕೆಳಭಾಗದ ರೈತರ ಮಕ್ಕಳು ಹಾಗನ್ನುವುದು ಸಹಜ. ಆವಿಯ ಲೆಕ್ಕ ಹಾಕಿಸಿ. ಜಲಾಶಯ ಪೂರ್ತಿ ತುಂಬಿದಾಗ ನೀರು ಹರಡುವುದು ಸುಮಾರು 378 ಚದರ ಕಿ.ಮೀ.; ದಿನಕ್ಕೆ 6 ಮಿ.ಮೀ. ಆವಿಯಾಯಿತೆಂದು ಹಿಡಿದರೆ 0.08 ಟಿಎಂಸಿ. ನೀರು ಕಡಿಮೆ ಇದ್ದಾಗ ಹರವೂ ಕಡಿಮೆ, ಆವಿಯೂ ಕಡಿಮೆ. ಉಳಿದದ್ದು ಅಳತೆಯ ದೋಷ, ಅಂಕಿಗಳನ್ನು ದುಂಡುಮಾಡಿದ್ದರ ದೋಷ, ಅಥವಾ ನದಿಗೆ ಬಿಟ್ಟದ್ದನ್ನು ಮಾತ್ರ ಕೂಡಿ ಒಂದು ಕಾಲುವೆಯ ಕಾಲಂ ಬಿಟ್ಟ ವಿದ್ಯಾರ್ಥಿಯ ದೋಷ. ಮೂರನೆಯದೇ ಹೆಚ್ಚು. ಎಡದಂಡೆ, ಬಲದಂಡೆ ಮೇಲ್ಮಟ್ಟ, ಬಲದಂಡೆ ಕೆಳಮಟ್ಟ ಕಾಲುವೆಗಳೆಲ್ಲ ಹೊರಹರಿವಿನಲ್ಲಿ ಸೇರಿವೆಯೇ ಎಂದು ಮೊದಲು ನೋಡಿಸಿ. ಹತ್ತು ವರ್ಷದ ಸಾಲುಗಳಿಗೆಲ್ಲ ಈ ಲೆಕ್ಕ ಹಾಕಿದಾಗ ವ್ಯತ್ಯಾಸ ಪ್ರತಿದಿನವೂ ಸರಿಯಾಗಿ ಸೊನ್ನೆ ಬಂದರೆ ಖುಷಿಪಡಬೇಡಿ. ಅನೇಕ ಜಲಾಶಯಗಳಲ್ಲಿ ಒಳಹರಿವನ್ನು ನೇರವಾಗಿ ಅಳೆಯುವುದಿಲ್ಲ. ಸಂಗ್ರಹದ ಏರಿಳಿತಕ್ಕೆ ಹೊರಹರಿವು ಕೂಡಿಸಿ ಲೆಕ್ಕದಿಂದ ತೆಗೆಯುತ್ತಾರೆ. ಹಾಗೆ ತೆಗೆದ ಅಂಕಿಯನ್ನು ಅದೇ ಲೆಕ್ಕದಿಂದ ಪರೀಕ್ಷಿಸುವುದು ಕನ್ನಡಿಯನ್ನು ಸಾಕ್ಷಿಗೆ ಕರೆದಂತೆ.

ಇದೇ ಹಾಳೆಯಲ್ಲಿ ಇನ್ನೆರಡು ಗುಂಡಿಗಳಿವೆ. ಪೂರ್ಣಮಟ್ಟ ಅಂದಿನಿಂದ ಇಂದಿನವರೆಗೂ 1,633 ಅಡಿ. ಆದರೆ ಆ ಮಟ್ಟದ ಸಂಗ್ರಹ ಮೊದಲಿಗೆ 132 ಟಿಎಂಸಿ ಚಿಲ್ಲರೆ ಇತ್ತು. ಹೂಳಿನ ಸಮೀಕ್ಷೆಯ ನಂತರ 100.855 ಎಂದಾಯಿತು, ಈಗ 105.788 ಎಂದು ಲೆಕ್ಕ. ಮಟ್ಟ ಅದೇ, ಸಂಗ್ರಹದ ಅಂಕಿ ಬೇರೆ. ಹೂಳು ತೆಗೆಯದೆ ಐದು ಟಿಎಂಸಿ ಬಂದದ್ದು ಹೇಗೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ: ಬದಲಾದದ್ದು ಅಳತೆಯ ಕೋಷ್ಟಕ. ಹಾಗಾಗಿ ವರ್ಷಗಳನ್ನು ಹೋಲಿಸುವಾಗ ಸಂಗ್ರಹಕ್ಕಿಂತ ಮಟ್ಟವನ್ನು ಹಿಡಿಯುವುದು ಕ್ಷೇಮ. ಎರಡನೆಯ ಗುಂಡಿ 2024ರ ಆಗಸ್ಟ್ 10. ಆ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಗಿ, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನದಿಗೆ ನೀರು ಬಿಡಬೇಕಾಯಿತು. ಸುತ್ತಲಿನ ದಿನಗಳಿಗೆ ಹೋಲಿಸಿದರೆ ಹೊರಹರಿವಿನ ಅಂಕಿ ಆಕಾಶಕ್ಕೆ ನೆಗೆದಿರುತ್ತದೆ. ಅಂತರ್ಜಾಲದ ಪಾಠ ನೋಡಿ ಬಂದ ವಿದ್ಯಾರ್ಥಿ "ಔಟ್‌ಲೈಯರ್" (ಗುಂಪಿಗೆ ಸೇರದ ಅಂಕಿ) ಎಂದು ಆ ಸಾಲುಗಳನ್ನು ಅಳಿಸಿಬಿಡುತ್ತಾನೆ. ಆ ವರ್ಷದ ಎಲ್ಲಕ್ಕಿಂತ ನಿಜವಾದ ದಿನ ಅದು. ಅಂಕಿ ವಿಚಿತ್ರವಾಗಿ ಕಂಡರೆ ಅಳಿಸುವ ಮುನ್ನ ಪತ್ರಿಕೆ ತೆಗೆದು ನೋಡುವ ಅಭ್ಯಾಸ ಇಲ್ಲಿಂದಲೇ ಬರಲಿ.

ನಿಮ್ಮ ಅರ್ಥಶಾಸ್ತ್ರಕ್ಕೆ ಎಪಿಎಂಸಿ ದರ ಬೇಕೆನಿಸುತ್ತದೆ. ಎರಡನೆಯ ಕೋಷ್ಟಕವಾಗಿ ಅದನ್ನು ತನ್ನಿ, ನಾಲ್ಕನೆಯ ವಾರಕ್ಕೆ. ಕೃಷಿ ಮಾರಾಟ ವಾಹಿನಿಯಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚಿನ ಮಾಲು ಮಾರಾಟವಾದ ದರ) ಸಿಗುತ್ತವೆ. ಇಲ್ಲಿ ಒಂದು ಸಾಲು ಅಂದರೆ ಒಂದು ದಿನ, ಒಂದು ಮಾರುಕಟ್ಟೆ, ಒಂದು ಉತ್ಪನ್ನ, ಒಂದು ತಳಿ. ತಳಿ ಮರೆತರೆ ಸೋನಾ ಮಸೂರಿಯೂ ದಪ್ಪ ಭತ್ತವೂ ಬೆರೆತು, ಬೆಲೆ ಬಿದ್ದಂತೆ ಕಾಣುವುದು ನಿಜದಲ್ಲಿ ಆವಕದ ಬದಲಾವಣೆ ಆಗಿರುತ್ತದೆ. ರಜಾದಿನದ ಖಾಲಿ ಮನೆ ಸೊನ್ನೆಯಲ್ಲ. ದರ ಕ್ವಿಂಟಲಿಗೆ, ಊರಿನ ಮಾತು 75 ಕಿಲೋ ಚೀಲಕ್ಕೆ. ವಿದ್ಯಾರ್ಥಿ ಮನೆಯಲ್ಲಿ ಕೇಳಿ ತಂದ ಬೆಲೆಯನ್ನು ನೇರ ಹೋಲಿಸುವಂತಿಲ್ಲ. ಸರಾಸರಿಯೂ ಆವಕದ ತೂಕ ಹಾಕಿಯೇ ಬರಬೇಕು. ಸೋಮವಾರ 2,000 ಕ್ವಿಂಟಲ್ 2,100 ರೂಪಾಯಿಗೆ, ಮಂಗಳವಾರ 100 ಕ್ವಿಂಟಲ್ 2,500ಕ್ಕೆ ಹೋಯಿತು ಎನ್ನಿ. ಸುಮ್ಮನೆ ಕೂಡಿ ಭಾಗಿಸಿದರೆ 2,300. ಆವಕದ ತೂಕ ಹಾಕಿದರೆ 2,119. ರೈತನ ಕೈಗೆ ಬಂದದ್ದು ಎರಡನೆಯದಕ್ಕೆ ಹತ್ತಿರ.

ಕನ್ನಡದವರಿಗೆ ಇದರಲ್ಲಿ ಏನು ಕೆಲಸ ಅಂತ ಯಾರಾದರೂ ಕೇಳಿದರೆ ಊರ ಹೆಸರುಗಳ ಪಟ್ಟಿ ತೋರಿಸಿ. ಒಂದು ಕಡತದಲ್ಲಿ ಲಿಂಗಸುಗೂರು, ಇನ್ನೊಂದರಲ್ಲಿ ಲಿಂಗಸೂಗೂರು, ಮತ್ತೊಂದರಲ್ಲಿ ಲಿಂಗಸಗೂರ. ಯಂತ್ರಕ್ಕೆ ಮೂರೂ ಬೇರೆ ಊರು. ಹಳೆಯ ಕಡತ 'ನುಡಿ' ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದರೆ ಪರದೆಯಲ್ಲಿ ಕನ್ನಡ ಕಂಡರೂ ಒಳಗಿರುವುದು ಬೇರೆ ಸಂಕೇತ; ಅಂಟಿಸಿದ ಕೂಡಲೇ ಕಲಸುಮೇಲೋಗರ. ಮೊದಲು ಎಲ್ಲ ಯಂತ್ರಕ್ಕೂ ಒಂದೇ ಸಂಕೇತವಾದ ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿನಿಂದ ತಿದ್ದಬೇಕು. ಯುನಿಕೋಡಿನಲ್ಲೂ ಕಾಣದ ಜೋಡಕ ಚಿಹ್ನೆಯೊಂದು ನುಸುಳಿದ್ದರೆ ಒಂದೇ ರೀತಿ ಕಾಣುವ ಎರಡು ಪದ ಯಂತ್ರಕ್ಕೆ ಸಮವಲ್ಲ. ಹೆಸರಿನ ಮೇಲೆ ಕೋಷ್ಟಕ ಜೋಡಿಸುವುದನ್ನೇ ಬಿಡಿ. ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ನಿರ್ದೇಶಿಕೆಯಲ್ಲಿ ಪ್ರತಿ ಹಳ್ಳಿ, ತಾಲ್ಲೂಕು, ಜಿಲ್ಲೆಗೂ ಒಂದು ಸಂಖ್ಯೆ ಇದೆ. ಹೆಸರಿಗೆ ಆ ಸಂಖ್ಯೆ ಹೊಂದಿಸಿದ ಕೋಷ್ಟಕವನ್ನು ಕನ್ನಡ ಮತ್ತು ಭೂಗೋಳದವರು ಕೂಡಿ ಒಮ್ಮೆ ಮಾಡಿಟ್ಟರೆ ಮುಂದಿನ ಹತ್ತು ಬ್ಯಾಚಿಗೆ ಬಾಳುತ್ತದೆ. ನಮ್ಮನ್ನು ಕೇಳಿದರೆ ಇಡೀ ಯೋಜನೆಯಲ್ಲಿ ಹೆಚ್ಚು ಬಾಳಿಕೆ ಬರುವ ಕೆಲಸ ಇದೇ.

ಹೆಸರಿಗಿಂತ ಗಡಿ ಕಷ್ಟ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ವಿಜಯನಗರ 2021ರಲ್ಲಿ ಬಳ್ಳಾರಿಯಿಂದ ಹೊರಬಂತು. ಹರಪನಹಳ್ಳಿ ದಾವಣಗೆರೆಯಿಂದ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಹೋಯಿತು. 2011ರ ಜನಗಣತಿಯಲ್ಲಿ ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳೇ ಇಲ್ಲ. ಬಳ್ಳಾರಿಯ ಭತ್ತದ ವಿಸ್ತೀರ್ಣ ಒಂದೇ ವರ್ಷದಲ್ಲಿ ಕುಸಿಯಿತು ಅಂತ ಗ್ರಾಫ್ ತೋರಿಸಿ ಪ್ರಬಂಧ ಬರೆಯುವವರು ಜಿಲ್ಲೆ ಒಡೆದದ್ದನ್ನೇ ಮರೆತಿರುತ್ತಾರೆ. ದಾರಿ ಎರಡು: ಹಳ್ಳಿ ಮಟ್ಟದ ಅಂಕಿ ಸಿಕ್ಕರೆ ಈಗಿನ ಗಡಿಗೆ ಮತ್ತೆ ಕೂಡಿಸಿ, ಸಿಗದಿದ್ದರೆ ಹೊಸ ಜಿಲ್ಲೆಗಳನ್ನು ಹಳೆಯದಕ್ಕೆ ಸೇರಿಸಿ ಒಂದೇ ಘಟಕ ಎಂದು ಹಿಡಿಯಿರಿ.

ಈಗ ಯಂತ್ರದ ಮಾತು. ನಡೆಯುವ 15 ಕಂಪ್ಯೂಟರ್ ಸಾಕು, ಒಂದಕ್ಕೆ ಇಬ್ಬರು. 4 ಜಿಬಿ ರ‍್ಯಾಮ್ ಇದ್ದರೂ ಈ ಗಾತ್ರದ ಕೋಷ್ಟಕಕ್ಕೆ ತೊಂದರೆಯಿಲ್ಲ. ಮೊದಲ ಮೂರು ವಾರ ಎಕ್ಸೆಲ್ ಅಥವಾ ಲಿಬ್ರೆ ಆಫೀಸ್. ಕೊನೆಯ ಮೂರು ವಾರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಬರೆದು ಅಲ್ಲೇ ಓಡಿಸಿ ನೋಡುವ ಜುಪಿಟರ್ ನೋಟ್‌ಬುಕ್‌ನಲ್ಲಿ. ಶುರುವಿಗೇ ಪೈಥಾನ್ ಇಟ್ಟರೆ ಆರು ವಾರವೂ ಆವರಣಚಿಹ್ನೆ ಹುಡುಕುವುದರಲ್ಲೇ ಹೋಗುತ್ತದೆ. ತರಗತಿಯಲ್ಲಿ ಮೂವತ್ತು ಮಂದಿ ಒಂದೇ ಸಂಪರ್ಕದಲ್ಲಿ, ಅಂತರ್ಜಾಲದಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್ ತೆರೆಯುವ ಸಾಹಸ ಬೇಡ. ಅನುಸ್ಥಾಪನೆಯ ಕಡತವನ್ನು ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದು ಎಲ್ಲದರಲ್ಲೂ ಒಂದೇ ಆವೃತ್ತಿ ಹಾಕಿ. ಬೇಸಿಗೆಯಲ್ಲಿ ಕರೆಂಟು ಹೋಗುವ ಹೊತ್ತು ನಿಮಗೇ ಗೊತ್ತು, ಲ್ಯಾಬನ್ನು ಬೆಳಗಿನ ಅವಧಿಗೆ ಹಾಕಿಸಿಕೊಳ್ಳಿ. ಎಕ್ಸೆಲ್‌ನಲ್ಲಿ ಹೆಚ್ಚಾಗಿ ಆಗುವ ಯಡವಟ್ಟು ತಾರೀಖಿನದು. ಕಂಪ್ಯೂಟರು ಅಮೆರಿಕದ ತಿಂಗಳು-ದಿನ ಕ್ರಮದಲ್ಲಿದ್ದರೆ 03-07-2023 ಜುಲೈ 3ರ ಬದಲು ಮಾರ್ಚ್ 7 ಆಗುತ್ತದೆ, 13-07-2023 ಬರಿಯ ಅಕ್ಷರವಾಗಿ ಉಳಿಯುತ್ತದೆ. ಕಾಲಂ ಅಗಲಿಸಿ ನೋಡಿದರೆ ಅರ್ಧ ತಾರೀಖು ಬಲಕ್ಕೆ, ಅರ್ಧ ಎಡಕ್ಕೆ ವಾಲಿರುತ್ತವೆ. ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿಸಿದರೆ ಈ ತಲೆನೋವಿಲ್ಲ. ಮೂಲ ಕಡತವನ್ನು ಯಾರೂ ಮುಟ್ಟಕೂಡದು, ತಿದ್ದುವುದೆಲ್ಲ ನಕಲಿನಲ್ಲಿ.

ಅಂಕ ಯಾವುದಕ್ಕೆ ಕೊಡುತ್ತೀರಿ ಎಂಬುದರ ಮೇಲೆ ಮಕ್ಕಳು ಏನು ಕಲಿಯುತ್ತಾರೆ ಎಂಬುದು ನಿಂತಿದೆ. ಆಂತರಿಕ ಮೌಲ್ಯಮಾಪನದ ಹತ್ತು ಅಂಕದಲ್ಲಿ ಮೂರು ಕಾಲಂಗಳ ವಿವರಣೆಗೆ, ನಾಲ್ಕು ತಪ್ಪಿನ ವಹಿಗೆ, ಮೂರು ಮೌಖಿಕಕ್ಕೆ ಇಡಿ. ತಪ್ಪಿನ ವಹಿ ಅಂದರೆ ಯಾವ ಸಾಲಿನಲ್ಲಿ ಏನು ದೋಷ ಕಂಡಿತು, ಹೇಗೆ ಗೊತ್ತಾಯಿತು, ಏನು ಮಾಡಿದೆ ಎಂದು ಬರೆದ ನೋಟ್‌ಬುಕ್ಕು. ನೀವೇ ಕೋಷ್ಟಕದಲ್ಲಿ ಎಂಟು ತಪ್ಪು ಬಿತ್ತಿಡಿ, ಪ್ರತಿ ಗುಂಪಿಗೂ ಬೇರೆ ಬೇರೆ ಸಾಲಿನಲ್ಲಿ. ನಕಲು ತಾನಾಗಿ ಸಿಕ್ಕಿಬೀಳುತ್ತದೆ. ಚಾಟ್‌ಜಿಪಿಟಿ ಬರೆದುಕೊಟ್ಟ ಪ್ರೋಗ್ರಾಂ ತಂದರೆ ಬೈಯುವುದು ಬೇಡ. ಮೌಖಿಕದಲ್ಲಿ "ಈ ಹತ್ತು ಸಾಲು ತೆಗೆದರೆ ಉತ್ತರ ಏರುತ್ತದೋ ಇಳಿಯುತ್ತದೋ, ಓಡಿಸುವ ಮುಂಚೆ ಹೇಳು" ಎಂದರೆ ಅರ್ಥವಾದದ್ದು ಎಷ್ಟೆಂದು ತಿಳಿಯುತ್ತದೆ.

ಸಂಶೋಧನೆಗೆ ಬಂದರೆ, ನಾಳಿನ ದರ ಹೇಳುವ ಮಾದರಿ ಕಟ್ಟೋಣ ಎನ್ನುವ ಆಸೆ ಮೊದಲು ಬರುತ್ತದೆ. ಎರಡು ಎಚ್ಚರ. ಕಾಲಕ್ರಮದ ಡೇಟಾವನ್ನು ಚೀಟಿ ಎತ್ತಿದಂತೆ ಕಲಸಿ ತರಬೇತಿಗೆ ಇಷ್ಟು, ಪರೀಕ್ಷೆಗೆ ಇಷ್ಟು ಎಂದು ಹಂಚಬಾರದು. ಬುಧವಾರದ ದರ ಊಹಿಸುವ ಯಂತ್ರಕ್ಕೆ ಗುರುವಾರದ್ದು ಮೊದಲೇ ತೋರಿಸಿದಂತಾಗುತ್ತದೆ. 2022ರವರೆಗೆ ತರಬೇತಿ, 2023 ಪರೀಕ್ಷೆ, ಹೀಗೆ ಕಾಲದ ಗೆರೆ ಎಳೆಯಿರಿ. ಮತ್ತೆ, ಯಾವ ಮಾದರಿಯನ್ನೂ "ನಾಳಿನ ದರ ಇಂದಿನದೇ" ಎಂಬ ಹಳ್ಳಿಯ ಊಹೆಯ ಜೊತೆ ಹೋಲಿಸಿ ತೋರಿಸಿ. ನಿಖರತೆ ಶೇ 98 ಅಂತ ಬರೆದ ಅನೇಕ ಪ್ರಬಂಧಗಳು ಈ ಊಹೆಯನ್ನು ದಾಟುವುದಿಲ್ಲ, ದಾಟಿದೆಯೇ ಎಂದು ನೋಡಿರುವುದೂ ಇಲ್ಲ. ಒಂದೇ ಕೋಷ್ಟಕದ ಮೇಲೆ ಹತ್ತು ಅಲ್ಗಾರಿದಮ್ ಓಡಿಸಿದ ಪ್ರಬಂಧಕ್ಕಿಂತ ತಪ್ಪು ತಿದ್ದಿದ, ವಿವರಣೆ ಇರುವ ಒಳ್ಳೆಯ ಕೋಷ್ಟಕ ನಿಮ್ಮಂಥ ಕಾಲೇಜಿನಿಂದ ಬರಬೇಕಾದ ಕೆಲಸ.

ರಸಾಯನಶಾಸ್ತ್ರದವರು ಅಂಥದ್ದನ್ನು ತಾವೇ ಹುಟ್ಟಿಸಬಲ್ಲರು. ರಾಯಚೂರು, ಕೊಪ್ಪಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಒಪ್ಪಬಹುದಾದ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲವೇ ಇಲ್ಲದಾಗ 1.5. ವಿದ್ಯಾರ್ಥಿಗಳು ತಂತಮ್ಮ ಊರಿನಿಂದ ಮಾದರಿ ತರಲಿ, ಗಾಜಿನ ಬಾಟಲಿಯಲ್ಲಿ ಅಲ್ಲ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ. ಹತ್ತಕ್ಕೊಂದು ಮಾದರಿಯನ್ನು ಎರಡು ಬಾಟಲಿಗೆ ತುಂಬಿ, ಬೇರೆ ಸಂಖ್ಯೆ ಕೊಟ್ಟು, ಅಳೆಯುವವರಿಗೆ ಹೇಳದೆ ಕಳಿಸಿ. ಎರಡರ ಉತ್ತರದ ಅಂತರವೇ ನಿಮ್ಮ ಅಳತೆಯ ಯೋಗ್ಯತೆ. ಉಪಕರಣಕ್ಕೆ ನಿಲುಕದಷ್ಟು ಕಡಿಮೆ ಬಂದರೆ ಸೊನ್ನೆ ಬರೆಯಬೇಡಿ, "ಇಷ್ಟಕ್ಕಿಂತ ಕಡಿಮೆ" ಎಂದು ಬೇರೆ ಕಾಲಂನಲ್ಲಿ ಬರೆಯಿರಿ. ಬೋರ್‌ವೆಲ್ ಆಳ, ಮಾದರಿ ತೆಗೆದ ತಿಂಗಳು, ಮೊಬೈಲಿನಲ್ಲಿ ಹಿಡಿದ ಅಕ್ಷಾಂಶ-ರೇಖಾಂಶ ಸೇರಿಸಿದರೆ ಭೂಗೋಳದವರ ನಕ್ಷೆಗೆ ದಾರಿಯಾಯಿತು. ಮನೆ ಮಾಲೀಕರ ಹೆಸರು, ಫೋನು ಈ ಕೋಷ್ಟಕಕ್ಕೆ ಬರಬಾರದು. ಬೇಕೇ ಬೇಕೆಂದರೆ ಬೇರೆ ಕಡತದಲ್ಲಿ, ಒಬ್ಬರ ಸುಪರ್ದಿಯಲ್ಲಿ. ಆಧಾರ್ ಅಂತೂ ಕೇಳಲೇಬೇಡಿ. ವೈಯಕ್ತಿಕ ದತ್ತಾಂಶಕ್ಕೆ 2023ರಿಂದ ಕಾಯ್ದೆಯೇ ಇದೆ.

ಪ್ರಬಂಧದಲ್ಲಿ ಯಾರ ಹೆಸರು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆದಿಡಿ. ಸಹಯೋಗಗಳು ಸಾಮಾನ್ಯವಾಗಿ ಒಡೆಯುವುದು ಇಲ್ಲೇ. ಪ್ರಶ್ನೆ ಯಾರದು, ಕೋಷ್ಟಕ ಯಾರು ತಿದ್ದಿದರು, ಲೆಕ್ಕ ಯಾರು ಮಾಡಿದರು, ಬರೆದವರು ಯಾರು: ನಾಲ್ಕರಲ್ಲಿ ಒಂದನ್ನಾದರೂ ಮಾಡಿದವರ ಹೆಸರು ಬರಬೇಕು. ಅತಿಥಿ ಉಪನ್ಯಾಸಕರು ಅಷ್ಟರಲ್ಲಿ ಕಾಲೇಜು ಬಿಟ್ಟಿದ್ದರೂ ಅವರ ಹೆಸರು ಬಿಡಬಾರದು. ಹುದ್ದೆಯಲ್ಲಿ ದೊಡ್ಡವರೆಂಬ ಕಾರಣಕ್ಕೆ ಮಾತ್ರ ಹೆಸರು ಸೇರಿಸಬೇಕಾಗಿಲ್ಲ, ಧನ್ಯವಾದದ ಸಾಲು ಇರುವುದು ಅದಕ್ಕೇ.

ಇನ್ನು ದೊಡ್ಡ ಸಂಸ್ಥೆಗಳ ಒಪ್ಪಂದ. ಜಿಲ್ಲೆಯಲ್ಲೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, 2019ರಿಂದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ) ಇದೆ. ಆದರೆ ಒಪ್ಪಂದದ ಕಾಗದ ಕೊನೆಗಿರಲಿ. ಸಹಿ, ಶಾಲು, ಫೋಟೊ ಆದಮೇಲೆ ಎರಡೂ ಕಡೆಯವರು ಮುಂದೇನು ಅಂತ ಕಾಯುತ್ತ ಕೂರುವುದೇ ಹೆಚ್ಚು. ಒಂದು ಸೆಮಿಸ್ಟರ್ ಮುಗಿಸಿ, ಒಂದೇ ಪುಟ ಬರೆದು ಕಳಿಸಿ: ನಮ್ಮ ಪ್ರಶ್ನೆ ಇದು, ಕೋಷ್ಟಕದಲ್ಲಿ ಇಷ್ಟು ಸಾಲು, ಇಷ್ಟು ತಪ್ಪು ತಿದ್ದಿದ್ದೇವೆ, ಇಲ್ಲಿ ಸಿಕ್ಕಿಕೊಂಡಿದ್ದೇವೆ, ನಿಮ್ಮಲ್ಲಿ ಒಬ್ಬರ ಎರಡು ಗಂಟೆ ಬೇಕು. ಬರೀ "ಸಹಕಾರ ಕೋರಿ" ಎಂಬ ಪತ್ರ ಕಡತಕ್ಕೆ ಹೋಗುತ್ತದೆ. ಸಿಕ್ಕಿಕೊಂಡ ಜಾಗ ತೋರಿಸಿದ ಪತ್ರ ಆ ವಿಷಯ ಬಲ್ಲವರ ಮೇಜಿಗೆ ಹೋಗುತ್ತದೆ. ಅದರ ಜೊತೆ ಆ 31 ದಿನದ ಹಾಳೆಯನ್ನೂ ತಪ್ಪಿನ ವಹಿಯ ಎರಡು ಪುಟವನ್ನೂ ಲಗತ್ತಿಸಿ.